ಇಪ್ಪತ್ತೈದರಲ್ಲೊಂದು ಪಾಲು ಅಪಾಯ

ಪುಸ್ತಕಗಳನ್ನೂ ನಾಟಕಗಳನ್ನೂ ವಿಮರ್ಶಿಸುವ ಈ ಪುಟದಲ್ಲಿ ಪ್ಲಾಸ್ಟಿಕ್ಕಿನ ಮೋಟಾರು ಕಾರುಗಳಿಗೇನು ಕೆಲಸ ಎಂದು ವಾಚಕರು ಹುಬ್ಬೇರಿಸಬಹುದು. ಅವು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕಾರುಗಳೂ ಅಲ್ಲ. ಪೆಟ್ಟಿಗೆಯೊಳಗೆ ನೂರು ಚೂರಾಗಿ ಬಂದು, ಕೊಂಡವನೇ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ನಿಲ್ಲಿಸಬೇಕಾದ ಕಾರುಗಳು. ನಮ್ಮ ನಿಮ್ಮ ಬೀದಿಗಳಲ್ಲಿ ಎಂದೂ ಓಡದ, ಅಮೆರಿಕದಲ್ಲಿ ಕೂಡ ಕಾಲು ಮೈಲಿಗಿಂತ ಹೆಚ್ಚು ಓಡುವ ಉದ್ದೇಶವೇ ಇಲ್ಲದ ಪಂದ್ಯದ ಕಾರುಗಳ ಪ್ರತಿಕೃತಿಗಳು. ನನ್ನ ಸಮಾಧಾನ ಇಷ್ಟೆ: ಯಾವುದು ಇನ್ನೊಂದರ ವಿಷಯವಾಗಿ ಏನನ್ನಾದರೂ ಹೇಳುತ್ತೇನೆಂದು ಹೊರಡುತ್ತದೆಯೋ ಅದು ವಿಮರ್ಶೆಗೆ ಒಳಪಡಲೇಬೇಕು. ಈ ಪೆಟ್ಟಿಗೆಗಳು ಹಾಗೆ ಹೇಳಿಕೊಂಡೇ ಬರುತ್ತವೆ. ಮುಚ್ಚಳದ ಮೇಲೆ ಹೊಗೆಯೆಬ್ಬಿಸುತ್ತಿರುವ ಕಾರಿನ ಚಿತ್ರ, ಅದನ್ನು ಓಡಿಸಿದವನ ಹೆಸರು, ಪಕ್ಕದಲ್ಲಿ ೧/೨೫ ಎಂಬ ಅಳತೆ. ಇದಕ್ಕೆ ನಮ್ಮ ಭಾಷೆಯಲ್ಲಿ ಪ್ರಮಾಣ ಎಂದೇ ಹೆಸರು. ಪ್ರಮಾಣ ಮಾಡಿ ಕಟಕಟೆ ಹತ್ತಿದವರನ್ನು ಪಾಟೀಸವಾಲಿಗೆ ಗುರಿಪಡಿಸುವುದು ಅನ್ಯಾಯವಾಗಲಾರದು.

ಕ್ಯಾಲಿಫೋರ್ನಿಯದಲ್ಲಿ ನೆಲಸಿರುವ ನನ್ನ ಅಕ್ಕನ ಮಗನ ದೆಸೆಯಿಂದ ಕಳೆದ ಮೂರು ವರ್ಷಗಳಲ್ಲಿ ಇಂಥ ಏಳು ಪೆಟ್ಟಿಗೆಗಳು ನನ್ನ ಮೇಜನ್ನು ಸೇರಿವೆ. ಅವುಗಳಲ್ಲಿ ಐದನ್ನು ಕಟ್ಟಿ ಮುಗಿಸಿದ್ದೇನೆ. ಕಟ್ಟುತ್ತ ಹೋದಂತೆ ನನಗೆ ಬಲವಾದ ಅಭಿಪ್ರಾಯವೊಂದು ಮೂಡಿತು, ಅದನ್ನು ಫೋನಿನಲ್ಲಿ ಅವನೊಂದಿಗೆ ಹೇಳಿದಾಗ, "ಮಾವ, ಅದು ಆಟದ ಸಾಮಾನು. ಕೂತು ಅಂಟಿಸಿ ಸಂತೋಷಪಡೋದು ಬಿಟ್ಟು ಅದಕ್ಕೂ ವಿಮರ್ಶೆಯೆ?" ಎಂದು ನಕ್ಕ. "ಆಟದ ಸಾಮಾನಲ್ಲಪ್ಪ, ಅದೇ ನಮ್ಮಿಬ್ಬರ ಜಗಳ" ಎಂದೆ. ಆ ಜಗಳದ ನನ್ನ ಪಾಲಿನ ವಾದವೇ ಈ ಲೇಖನ.

ಮೊದಲು ಪಂದ್ಯದ ವಿಷಯ ಎರಡು ಮಾತು. ಡ್ರ್ಯಾಗ್ ಓಟವೆಂದರೆ ಎರಡು ಕಾರುಗಳು ಅಕ್ಕಪಕ್ಕದಲ್ಲಿ ನಿಂತು, ನಿಂತಲ್ಲಿಂದಲೇ ಹೊರಟು, ನೇರವಾದ ರಸ್ತೆಯಲ್ಲಿ ೧೩೨೦ ಅಡಿ ದೂರವನ್ನು ಯಾರು ಮೊದಲು ಮುಟ್ಟುತ್ತಾರೆಂದು ನೋಡುವ ಆಟ. ತಿರುವಿಲ್ಲ, ಏರಿಳಿತವಿಲ್ಲ, ಎರಡನೆಯ ಸುತ್ತಿಲ್ಲ. ಎರಡನೆಯ ಮಹಾಯುದ್ಧ ಮುಗಿದಮೇಲೆ ದಕ್ಷಿಣ ಕ್ಯಾಲಿಫೋರ್ನಿಯದ ಹುಡುಗರು ಹಳೆಯ ಫೋರ್ಡ್ ಕಾರುಗಳನ್ನು ಬಿಚ್ಚಿ ಜೋಡಿಸಿ, ಬೀದಿಗಳಲ್ಲೇ ಪಂದ್ಯ ಕಟ್ಟುತ್ತಿದ್ದರು. ೧೯೫೦ರಲ್ಲಿ ಸಾಂಟಾ ಆನಾ ಎಂಬಲ್ಲಿ ವಿಮಾನ ಇಳಿಯುವ ಓಡುದಾರಿಯ ಮೇಲೆ ಟಿಕೆಟ್ಟು ಹಚ್ಚಿ ಇದನ್ನು ನಡೆಸತೊಡಗಿದರು. ಮರುವರ್ಷ ವ್ಯಾಲಿ ಪಾರ್ಕ್ಸ್ ಎಂಬಾತ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿ ಆಟಕ್ಕೆ ಕಟ್ಟಳೆ ತಂದ. ೧೯೫೫ರಲ್ಲಿ ಕಾನ್ಸಸ್ ಪ್ರಾಂತದ ಗ್ರೇಟ್ ಬೆಂಡ್‌ನಲ್ಲಿ ಮೊದಲ ರಾಷ್ಟ್ರೀಯ ಪಂದ್ಯ ನಡೆಯಿತು. ೧೯೬೪ರಲ್ಲಿ ಫ್ಲಾರಿಡಾದ ಡಾನ್ ಗಾರ್ಲಿಟ್ಸ್ ಈ ಕಾಲು ಮೈಲಿಯನ್ನು ಎಂಟು ಸೆಕೆಂಡಿಗೂ ಒಳಗೆ ಮುಗಿಸಿ, ಕೊನೆಯ ಗೆರೆಯನ್ನು ಗಂಟೆಗೆ ೨೦೧ ಮೈಲಿ ವೇಗದಲ್ಲಿ ದಾಟಿದ. ಎಂಟು ಸೆಕೆಂಡೆಂದರೆ, ನಮ್ಮ ಸಂಗೀತ ಕಚೇರಿಗಳಲ್ಲಿ ತಂಬೂರಿ ಶ್ರುತಿ ಮಾಡುವವರು ಒಮ್ಮೆ ತಲೆಯೆತ್ತಿ ನೋಡುವಷ್ಟು ಹೊತ್ತು.

ಅಳತೆಯ ಲೆಕ್ಕ ಹಾಕುವ ಚಪಲವಿರುವವರಿಗೆ ಒಂದು ಸಂಗತಿ. ಇಪ್ಪತ್ತೈದರಲ್ಲೊಂದು ಪಾಲಿಗೆ ಇಳಿಸಿದರೆ ಆ ಕಾಲು ಮೈಲಿ ೫೨ ಅಡಿ ಚಿಲ್ಲರೆಯಾಗುತ್ತದೆ. ಅಂದರೆ ಬೆಂಗಳೂರಿನ ನಲವತ್ತು-ಅರವತ್ತರ ನಿವೇಶನವಿದ್ದವನು ಮನೆಯ ಉದ್ದಕ್ಕೂ ಒಂದು ಪಂದ್ಯ ನಡೆಸಬಹುದು. ಮೂವತ್ತು-ನಲವತ್ತರವನಿಗೆ ಆ ಭಾಗ್ಯವಿಲ್ಲ. ಆದರೆ ೨೦೦೮ರಲ್ಲಿ ಸ್ಕಾಟ್ ಕಲಿಟ್ಟ ಎಂಬ ಚಾಲಕ ಪಂದ್ಯದಲ್ಲಿ ಸತ್ತಮೇಲೆ ಅತಿ ವೇಗದ ಎರಡು ವರ್ಗಗಳಿಗೆ ಓಟದ ದೂರವನ್ನು ೧೦೦೦ ಅಡಿಗೆ ಇಳಿಸಿದರು. ಸಾವಿರವನ್ನು ಇಪ್ಪತ್ತೈದರಿಂದ ಭಾಗಿಸಿ ನೋಡಿ: ಸರಿಯಾಗಿ ನಲವತ್ತು. ಒಂದು ಸಾವು ಆ ದಾರಿಯನ್ನು ಚಿಕ್ಕ ನಿವೇಶನಕ್ಕೂ ಹಿಡಿಸುವಂತೆ ಮಾಡಿತು. ಈ ಆಟದಲ್ಲಿ ಅಳತೆಗಳು ಬದಲಾಗುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಅಳತೆಯೇ ಬಂಡವಾಳವಾದ ಈ ಪ್ರತಿಕೃತಿಗಳನ್ನು ನೋಡುವಾಗ ಅದನ್ನು ಮರೆಯಬಾರದು.

ಪ್ರತಿಕೃತಿ ಬೇರೆ, ಬೊಂಬೆ ಬೇರೆ. ನವರಾತ್ರಿಯಲ್ಲಿ ನಮ್ಮ ಮನೆಗಳಲ್ಲಿ ಮೆಟ್ಟಿಲ ಮೇಲೆ ಕೂರಿಸುವ ಬೊಂಬೆಗಳನ್ನು ನೋಡಿ. ಅಂಗಡಿಯಿಟ್ಟುಕೊಂಡ ಶೆಟ್ಟರು ಅಂಬಾರಿ ಹೊತ್ತ ಆನೆಗಿಂತ ದಪ್ಪನಾಗಿರುತ್ತಾರೆ. ಅದರಿಂದ ಯಾರಿಗೂ ಬೇಸರವಿಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಕುದುರೆ ಯಾವ ಕುದುರೆಯ ಎಷ್ಟನೆಯ ಪಾಲು ಎಂದು ಕೇಳುವುದು ಅರಸಿಕತನ. ಅದು ಕುದುರೆಯೆಂಬ ಭಾವ. ಪ್ರತಿಕೃತಿಗೆ ಆ ಸ್ವಾತಂತ್ರ್ಯವಿಲ್ಲ. ಅದು ಇಂಥ ವರ್ಷದ, ಇಂಥವನ, ಇಂಥದೇ ಒಂದು ಕಾರು. ಅದಕ್ಕೆ ನಿಷ್ಠೆಯಿಂದ ಇರುತ್ತೇನೆಂದು ಮಾತು ಕೊಟ್ಟಿದೆ. ಹಾಗಾದರೆ ಯಾವುದಕ್ಕೆ ನಿಷ್ಠೆ? ಹೊರಗಿನ ಆಕಾರಕ್ಕೋ, ಮಿರುಗಿಗೋ, ಓಡಿದ ಕಾರಿನ ಒಳಗುಟ್ಟಿಗೋ? ಕೊನೆಯದಕ್ಕೆ ನಿಷ್ಠವಾದ ಪೆಟ್ಟಿಗೆಗಳು ಮಾತ್ರ ಉತ್ತಮ ಎಂಬುದು ನನ್ನ ಪಕ್ಷ. ಆ ಒಳಗುಟ್ಟೆಂದರೆ, ಹೆಚ್ಚು ಮುಚ್ಚುಮರೆ ಬೇಡ, ಅಪಾಯ.

ಈ ಕಲೆಯ ಹುಟ್ಟು ವ್ಯಾಪಾರದಲ್ಲಿ. ಡೆಟ್ರಾಯಿಟಿನ ಕಾರು ಕಂಪೆನಿಗಳು ಹೊಸ ವರ್ಷದ ಕಾರುಗಳನ್ನು ಗಿರಾಕಿಗಳಿಗೆ ತೋರಿಸಲೆಂದು ಇಪ್ಪತ್ತೈದರಲ್ಲೊಂದು ಪಾಲಿನ ಸಣ್ಣ ಮಾದರಿಗಳನ್ನು ಮಾಡಿಸಿ ಮಳಿಗೆಗಳಲ್ಲಿ ಇಡುತ್ತಿದ್ದವು. ಅವುಗಳನ್ನು ಅಚ್ಚುಹಾಕುತ್ತಿದ್ದ ಎ.ಎಂ.ಟಿ. ಎಂಬ ಕಂಪೆನಿ ೧೯೫೮ರಲ್ಲಿ ಅವೇ ಅಚ್ಚುಗಳಿಂದ ಬಿಡಿ ಭಾಗಗಳ ಪೆಟ್ಟಿಗೆ ಹೊರಡಿಸಿತು. ಒಂದೇ ಪೆಟ್ಟಿಗೆಯಿಂದ ಮೂರು ಬಗೆ: ಕಾರ್ಖಾನೆಯಿಂದ ಬಂದಂಥ ಸಾದಾ ಕಾರು, ಅಲಂಕರಿಸಿದ ಕಾರು, ಪಂದ್ಯದ ಕಾರು. ಹನ್ನೆರಡು ವರ್ಷದ ಹುಡುಗ ಯಾವುದನ್ನು ಆರಿಸುತ್ತಾನೆಂದು ಹೇಳಬೇಕಾಗಿಲ್ಲ. ಅಲ್ಲಿಂದ ಮುಂದೆ ಕ್ಯಾಲಿಫೋರ್ನಿಯದ ವೆನಿಸ್ ಊರಿನ ರೆವೆಲ್, ಇಲಿನಾಯ್‌ನ ಮಾನೊಗ್ರಾಮ್, ಮಿಷಿಗನ್ನಿನ ಎಂ.ಪಿ.ಸಿ. ಎಲ್ಲರೂ ಪೈಪೋಟಿಗಿಳಿದು, ಶನಿವಾರ ಪಂದ್ಯ ಗೆದ್ದವನ ಕಾರು ಮುಂದಿನ ವರ್ಷದೊಳಗೆ ಅಂಗಡಿಯ ಕಪಾಟಿನಲ್ಲಿರುವಂತೆ ಮಾಡಿದರು. ಸ್ವಂತ ಕಸುಬಿನಿಂದ ಕಾರಿನ ಆಸನಗಳಿಗೆ ಚರ್ಮ ಹೊಲಿಯುತ್ತಿದ್ದ ಟೋನಿ ನ್ಯಾನ್ಸಿ ಎಂಬಾತನ ಎರಡು ಕಾರುಗಳನ್ನು ರೆವೆಲ್ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಮಾರಿತು. ಹೊಲಿಗೆ ಕೆಲಸದವನು ಒಂದು ದೇಶದ ಹುಡುಗರ ಮೇಜಿನ ಮೇಲೆ ವೀರನಾದ. ಅಮೆರಿಕದ ಪ್ರಜಾಪ್ರಭುತ್ವದ ಕುರಿತು ನಾನು ಓದಿದ ಅನೇಕ ಗ್ರಂಥಗಳಿಗಿಂತ ಆ ಪೆಟ್ಟಿಗೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಈಗ ನಾನು ಕಟ್ಟಿದವುಗಳಲ್ಲಿ ಶ್ರೇಷ್ಠವಾದುದರ ಮಾತು. ಎಂ.ಪಿ.ಸಿ. ಹೆಸರಿನಲ್ಲಿ ಈಚಿನ ವರ್ಷಗಳಲ್ಲಿ ಮರುಮುದ್ರಣಗೊಂಡ ಗಾರ್ಲಿಟ್ಸನ ಮುಂದಿನ ಎಂಜಿನ್ನಿನ ಕಾರು ಅದು. ಮುಗಿದಾಗ ಒಂದು ಗೇಣಿನ ಆಸುಪಾಸು ಉದ್ದ, ಪೆನ್ಸಿಲಿನಷ್ಟು ತೆಳು. ಮುಂದೆ ಸೈಕಲ್ಲಿನಂಥ ಎರಡು ಗಾಲಿ, ಹಿಂದೆ ಗಾಣದ ಕಲ್ಲಿನಂಥ ಎರಡು ಗಾಲಿ, ನಡುವೆ ಕೊಳವೆಗಳ ಚೌಕಟ್ಟು. ನೋಡಿದವರು ಇದು ಕಾರೇ ಅಲ್ಲ, ಏಣಿಗೆ ಗಾಲಿ ಕಟ್ಟಿದ್ದಾರೆ ಎನ್ನುತ್ತಾರೆ. ಮನೆಯಲ್ಲಿ ಹಾಗೆಯೇ ಅಂದರು.

ಬಹುತೇಕ ಪೆಟ್ಟಿಗೆಗಳಲ್ಲಿ ಎಂಜಿನ್ನೇ ಮೊದಲ ಹಂತ. ಎರಡು ಹೋಳುಗಳನ್ನು ಕೂಡಿಸಿ, ತಲೆಭಾಗಗಳನ್ನು ಇಟ್ಟು, ನೆತ್ತಿಯ ಮೇಲೆ ಗಾಳಿಯನ್ನು ಒತ್ತಿ ತುಂಬುವ ಬ್ಲೋವರನ್ನು ಕೂರಿಸುತ್ತೇವೆ. ಕ್ರೈಸ್ಲರ್ ಕಂಪೆನಿಯ ಹೆಮಿ ಎಂಜಿನ್ನಿದು; ಪೆಟ್ರೋಲಿನ ಬದಲು ನೈಟ್ರೋಮೀಥೇನ್ ಕುಡಿಯುತ್ತಿತ್ತು. ಆಮೇಲೆ ಎಂಜಿನ್ನಿನ ಬೆನ್ನಿಗೆ ಕ್ಲಚ್ಚಿನ ಮನೆ, ಅದರ ಬೆನ್ನಿಗೆ ಗೇರ್‌ಪೆಟ್ಟಿಗೆ, ಅದರ ಬೆನ್ನಿಗೆ ಡಿಫರೆನ್ಷಿಯಲ್ಲು, ಅದರಿಂದ ಅತ್ತಿತ್ತ ಹಿಂದಿನ ಇರುಸು. ಇಷ್ಟನ್ನೂ ಅಂಟಿಸಿ ಒಣಗಲು ಬಿಟ್ಟು, ಮಾರನೆಯ ದಿನ ಚಾಲಕನ ಆಸನವನ್ನು ಚಿಮಟದಲ್ಲಿ ಹಿಡಿದು, ಎಲ್ಲಿಡಬೇಕೆಂದು ಸೂಚನೆಯ ಹಾಳೆಯನ್ನು ನೋಡಿದೆ. ಬಾಣದ ಗುರುತು ಇರುಸಿನ ಹಿಂದಕ್ಕೆ ಹೋಗಿತ್ತು. ಹಿಂದಿನ ಗಾಲಿಗಳಿಗೂ ಹಿಂದೆ, ಕಾರಿನ ಕಟ್ಟಕಡೆಯಲ್ಲಿ ಮನುಷ್ಯ. ಹಾಗೆ ಕುಳಿತರೆ ಅವನ ಕಾಲುಗಳು ಎಲ್ಲಿ ಹೋಗಬೇಕು? ಇರುಸನ್ನು ದಾಟಿ, ಡಿಫರೆನ್ಷಿಯಲ್ಲಿನ ಎರಡು ಮಗ್ಗುಲಲ್ಲಿ ಹಾದು, ಗೇರ್‌ಪೆಟ್ಟಿಗೆಯ ಪಕ್ಕಕ್ಕೆ ಪಾದ. ಬೇರೆ ಜಾಗವೇ ಇಲ್ಲ. ಮನುಷ್ಯನ ಪಾದ ಈ ಅಳತೆಯಲ್ಲಿ ಅರ್ಧ ಅಂಗುಲವೂ ಆಗುವುದಿಲ್ಲ. ಗೇರ್‌ಪೆಟ್ಟಿಗೆಗೂ ಅದಕ್ಕೂ ನಡುವೆ ಒಂದು ದಪ್ಪ ನೂಲು ಹಾಯುವಷ್ಟು ಎಡೆ. ಮುಖದ ನೇರಕ್ಕೆ, ಒಂದು ಮಾರು ದೂರದಲ್ಲಿ, ಉರಿಯುವ ಎಂಜಿನ್ನು.

ಹೀಗೇಕೆ ಮಾಡಿದರೆಂದರೆ, ಹಿಂದಿನ ಗಾಲಿಗಳು ನೆಲವನ್ನು ಕಚ್ಚಿ ಹಿಡಿಯಬೇಕಾದರೆ ಭಾರವೆಲ್ಲ ಹಿಂದಿರಬೇಕು. ಮನುಷ್ಯನೂ ಒಂದು ಭಾರವೇ. ಹುಡುಗರು ಕವೆಗೋಲಿಗೆ ರಬ್ಬರು ಕಟ್ಟಿ ಕಲ್ಲು ಹೊಡೆಯುತ್ತಾರಲ್ಲ, ಅದರ ಹೆಸರನ್ನೇ ಅಲ್ಲಿಯವರು ಈ ಕಾರಿಗೆ ಇಟ್ಟರು: ಸ್ಲಿಂಗ್‌ಷಾಟ್. ರಬ್ಬರಿನ ತುದಿಯ ಕಲ್ಲಿನಂತೆ ಚಾಲಕ ಕುಳಿತಿರುತ್ತಾನೆ. ೧೯೫೪ರಲ್ಲಿ ಮಿಕಿ ಥಾಂಪ್ಸನ್ ಇಂಥ ಮೊದಲ ಕಾರನ್ನು ಕಟ್ಟಿದನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮುಂದೆ ಒಂದೂವರೆ ದಶಕ ಇದೇ ವಿನ್ಯಾಸ ಈ ಆಟವನ್ನು ಆಳಿತು.

ಆಳಿದ್ದಕ್ಕೆ ತೆರಿಗೆಯನ್ನೂ ಎತ್ತಿತು. ೧೯೬೭ರ ಡಿಸೆಂಬರಿನಲ್ಲಿ ಮೈಕ್ ಸೊರೊಕಿನ್ ಎಂಬ ತರುಣ ಕ್ಲಚ್ಚು ಸಿಡಿದು ಸತ್ತ. ೧೯೬೯ರಲ್ಲಿ ಇಂಡಿಯಾನಾಪೊಲಿಸ್‌ನ ಪಂದ್ಯದಲ್ಲಿ ಗಾಯಗೊಂಡ ಜಾನ್ ಮಲಿಗನ್ ಕೆಲವು ವಾರಗಳಲ್ಲಿ ತೀರಿಕೊಂಡ. ೧೯೭೦ರ ಮಾರ್ಚಿ ೮ರಂದು, ಲಾಸ್ ಏಂಜಲೀಸಿನ ಬಂದರಿನ ಹತ್ತಿರದ ಲಯನ್ಸ್ ಪಂದ್ಯದ ಹಾದಿಯಲ್ಲಿ, ಗಾರ್ಲಿಟ್ಸನ ಹದಿಮೂರನೆಯ ಸ್ವಾಂಪ್ ರ್‍ಯಾಟ್ ಕಾರಿನ ಗೇರ್‌ಪೆಟ್ಟಿಗೆ ಹೊರಡುವ ಗೆರೆಯಲ್ಲೇ ಸಿಡಿಯಿತು. ಕಾರು ಎರಡು ತುಂಡಾಯಿತು. ಅವನ ಬಲಪಾದದ ಒಂದು ಭಾಗ ಹೋಯಿತು.

ಆ ಪಾದ ಅಲ್ಲಿ ಏಕಿತ್ತು ಎಂಬುದು ಪುಸ್ತಕ ಓದಿದವನಿಗೆ ಒಂದು ಮಾಹಿತಿ. ಚಿಮಟ ಹಿಡಿದವನಿಗೆ ಅದು ಹಾಗಲ್ಲ. ಆಸನಕ್ಕೆ ಜಾಗ ಹುಡುಕಿ, ಕಾಲಿಗೆ ಜಾಗ ಹುಡುಕಿ, ಬೇರೆ ಜಾಗವಿಲ್ಲವೆಂದು ಬೆರಳಿನಿಂದ ತಿಳಿದುಕೊಂಡಿರುತ್ತಾನೆ. ಯಾರೂ ಅವನಿಗೆ ಉಪದೇಶ ಮಾಡಿಲ್ಲ. ಹಾಳೆಯಲ್ಲಿ ಆ ಸುದ್ದಿಯೇ ಇಲ್ಲ. ಭಾಗಗಳ ಕ್ರಮವೇ ಅದನ್ನು ಹೇಳಿತು. ವಾಸ್ತವವಾದದ ಕುರಿತು ನಮ್ಮಲ್ಲಿ ಎಷ್ಟೋ ಚರ್ಚೆಗಳು ನಡೆದಿವೆ. ಲೇಖಕ ತಾನು ಮಾತಾಡದೆ ವಸ್ತುವೇ ಮಾತಾಡುವಂತೆ ಮಾಡುವುದು ಉತ್ತಮ ವಾಸ್ತವವಾದವಾದರೆ, ಈ ಪ್ಲಾಸ್ಟಿಕ್ಕಿನ ಚೂರುಗಳು ಆ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಸಿದ್ಧವಾಗಿ ಸಿಗುವ ಎರಕದ ಆಟದ ಕಾರು ಇದನ್ನು ಎಂದೂ ಹೇಳಲಾರದು. ಅದರಲ್ಲಿ ಆಸನ ಮೊದಲೇ ಅದರ ಜಾಗದಲ್ಲಿರುತ್ತದೆ; ನಾವು ಹುಡುಕುವುದಿಲ್ಲ.

ಮುಂದಿನ ಕಥೆ ಇನ್ನೂ ಚೆನ್ನಾಗಿದೆ. ಗಾಯಗೊಂಡು ಮಲಗಿದ್ದಾಗಲೇ ಗಾರ್ಲಿಟ್ಸ್ ಎಂಜಿನ್ನನ್ನು ತನ್ನ ಬೆನ್ನ ಹಿಂದಕ್ಕೆ ಸಾಗಿಸುವ ಯೋಚನೆ ಮಾಡಿದ. ಹಿಂದೆ ಎಂಜಿನ್ನಿಟ್ಟ ಕಾರುಗಳನ್ನು ಅದಕ್ಕೆ ಮುಂಚೆಯೇ ಕೆಲವರು ಮಾಡಿ ನೋಡಿದ್ದರು. ಅವು ನೆಟ್ಟಗೆ ಓಡುತ್ತಿರಲಿಲ್ಲ, ಚಾಲಕ ತಿದ್ದಲು ಹೋದರೆ ಇನ್ನೂ ಅಡ್ಡಾದಿಡ್ಡಿಯಾಗುತ್ತಿದ್ದವು. ಗಾರ್ಲಿಟ್ಸನೂ ಅವನ ಸಂಗಡಿಗರೂ ಕೊನೆಗೆ ಕಂಡುಕೊಂಡ ಪರಿಹಾರ ಬಹಳ ಸರಳ: ಸ್ಟಿಯರಿಂಗಿನ ಚುರುಕನ್ನು ತಗ್ಗಿಸಿದರು. ಕೈ ಹೆಚ್ಚು ತಿರುಗಿದರೂ ಗಾಲಿ ಸ್ವಲ್ಪವೇ ತಿರುಗುವಂತೆ ಮಾಡಿದರು. ೧೯೭೧ರ ಮೊದಲಲ್ಲಿ ಆ ಕಾರು ಪೊಮೋನಾದ ದೊಡ್ಡ ಪಂದ್ಯವನ್ನು ಗೆದ್ದಿತು. ಕೆಲವೇ ವರ್ಷಗಳಲ್ಲಿ ಮುಂದಿನ ಎಂಜಿನ್ನಿನ ಕಾರುಗಳು ಮೇಲಿನ ವರ್ಗದಿಂದ ಮಾಯವಾದವು. ಅವುಗಳಲ್ಲಿ ಕೆಲವನ್ನು ಇಂದು ಫ್ಲಾರಿಡಾದ ಓಕಾಲಾದಲ್ಲಿ ಗಾರ್ಲಿಟ್ಸನೇ ೧೯೮೪ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ನೋಡಬಹುದಂತೆ. ನಮ್ಮಂಥವರಿಗೆ ಪೆಟ್ಟಿಗೆಯೇ ಗತಿ.

ನಾನು ಎರಡು ಬಗೆಯನ್ನೂ ಒಂದಾದಮೇಲೊಂದು ಕಟ್ಟಿದೆ. ಎರಡನೆಯದರಲ್ಲಿ ಆಸನ ಮುಂದೆ ಬಂದು, ಎಂಜಿನ್ನು ಹಿಂದೆ ಸರಿದು, ಕಾಲುಗಳ ಮುಂದೆ ಕೊಳವೆಗಳಲ್ಲದೆ ಇನ್ನೇನೂ ಇಲ್ಲ. ಚಿಮಟದಲ್ಲಿ ಆಸನವನ್ನು ಇಟ್ಟಾಗ ಎಲ್ಲಿಯೂ ತಡೆಯಾಗಲಿಲ್ಲ, ಸುಮ್ಮನೆ ಕೂತಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಯಂತ್ರಶಾಸ್ತ್ರ ತಿಳಿಯದ ನಮ್ಮ ಪಕ್ಕದ ಮನೆಯ ಹೆಣ್ಣುಮಗಳೂ, "ಇವನು ಬುದ್ಧಿ ಕಲಿತ" ಎಂದು ಹಿಂದಿನ ಎಂಜಿನ್ನಿನದನ್ನು ತೋರಿಸಿದಳು. ಎರಡು ವಸ್ತುಗಳ ನಡುವಿನ ವ್ಯತ್ಯಾಸವೇ ಕಥೆಯಾಗುವುದು ಹೀಗೆ. ಆದ್ದರಿಂದ ಈ ಹವ್ಯಾಸಕ್ಕೆ ಇಳಿಯುವವರು ಒಂದನ್ನೇ ಕೊಳ್ಳದೆ ಎರಡನ್ನೂ ಕೊಳ್ಳಬೇಕು, ಮತ್ತು ಹಳೆಯದನ್ನು ಮೊದಲು ಕಟ್ಟಬೇಕು ಎಂದು ನನ್ನ ಸಲಹೆ.

ಇನ್ನು ದೋಷಗಳು. ಅವುಗಳಲ್ಲಿ ಮೊದಲನೆಯದು ಮಿರುಗು. ಲೋಹದ ತೆಳು ಲೇಪ ಕೊಟ್ಟ ಭಾಗಗಳ ಒಂದು ಗೊಂಚಲು ಹೆಚ್ಚಿನ ಪೆಟ್ಟಿಗೆಗಳಲ್ಲಿ ಇರುತ್ತದೆ. ಹುಡುಗರ ಕಣ್ಣಿಗೆ ಅದೇ ಆಕರ್ಷಣೆ. ನಿಜವಾದ ಕಾರಿನಲ್ಲಿ ಹೊಳೆಯುವುದು ಹೊಳೆಯುತ್ತಿತ್ತು, ಇಲ್ಲವೆನ್ನುವುದಿಲ್ಲ. ಆ ಜನಕ್ಕೂ ಶೋಕಿ ಇತ್ತು. ಆದರೆ ಪೆಟ್ಟಿಗೆಯವರು ಹೊಳೆಯದಿದ್ದುದಕ್ಕೂ ಲೇಪ ಬಳಿಯುತ್ತಾರೆ. ಎರಕದ ಗೇರ್‌ಪೆಟ್ಟಿಗೆಯನ್ನು ಮದುವೆ ಮನೆಯ ಬೆಳ್ಳಿ ಲೋಟದಂತೆ ಮಾಡಿಟ್ಟರೆ ಅದು ಸಿಡಿಯಬಲ್ಲ ವಸ್ತುವೆಂದು ಯಾರಿಗೆ ಅನ್ನಿಸೀತು? ನಾನು ಕಟ್ಟಿದ ಒಂದು ಕಾರಿನಲ್ಲಿ, ಯಾವ ಕಂಪೆನಿಯದೆಂಬುದು ಬೇಡ, ಇಂಥ ಲೇಪವನ್ನೆಲ್ಲ ಕೆರೆದು ತೆಗೆದು ಮಂಕು ಬೂದಿಬಣ್ಣ ಹಚ್ಚಬೇಕಾಯಿತು. ಹಚ್ಚಿದಮೇಲೆ ಅದು ಕಾರಾಯಿತು.

ಇದಕ್ಕೆ ಎದುರಾದ ದೋಷ ಹವ್ಯಾಸಿಗಳದು. ಪೆಟ್ಟಿಗೆಯವರು ಕೊಡದಿರುವುದನ್ನು ಕಟ್ಟುವವನು ತಾನೇ ಸೇರಿಸುವ ಪದ್ಧತಿ ಉಂಟು. ಹೊಗೆ ಕೊಳವೆಗಳ ಬಾಯಿ ಮುಚ್ಚಿಕೊಂಡು ಬರುತ್ತದೆ. ಅದನ್ನು ಸೂಜಿಯಂಥ ಬೈರಿಗೆಯಿಂದ ಕೊರೆಯುತ್ತಾರೆ. ಕಿಡಿಯ ತಂತಿಗಳಿರುವುದಿಲ್ಲ, ತೆಳು ತಂತಿಯನ್ನೋ ದಾರವನ್ನೋ ಎಳೆಯುತ್ತಾರೆ. ಮೂಲ ಗ್ರಂಥಕ್ಕೆ ಟೀಕೆ ಬರೆದಂತೆ ಇದು. ಒಳ್ಳೆಯ ಟೀಕೆಯಿಂದ ಮೂಲ ಬೆಳಗುತ್ತದೆ. ಆದರೆ ಹದಿನಾರು ಬೋಲ್ಟಿನ ಜಾಗದಲ್ಲಿ ಹದಿನಾರು ಬೋಲ್ಟುಗಳನ್ನೂ ಪ್ರತ್ಯೇಕವಾಗಿ ಕೊರೆದು ಅಂಟಿಸಿ, ಕೊನೆಗೆ ಒಂದು ಹನಿ ಎಣ್ಣೆಯ ಕಲೆಯೂ ಇಲ್ಲದಂತೆ ಗಾಜಿನ ಪೆಟ್ಟಿಗೆಯಲ್ಲಿ ಇಡುವವರನ್ನು ಕಂಡರೆ, ಪದಪದಕ್ಕೂ ಅರ್ಥ ಬರೆದು ಕಾವ್ಯವನ್ನೇ ಕೈಬಿಟ್ಟ ಪಂಡಿತರ ನೆನಪಾಗುತ್ತದೆ. ಆ ಕಾರು ಇನ್ನೂ ಓಡಿಲ್ಲ, ಓಡುವುದೂ ಇಲ್ಲ.

ಟೈರುಗಳದು ಬೇರೆ ಸಮಸ್ಯೆ, ಅದಕ್ಕೆ ಪರಿಹಾರವಿದೆಯೆಂದು ನನಗೆ ತೋರುವುದಿಲ್ಲ. ನಿಜವಾದ ಕಾರು ಹೊರಟ ಕ್ಷಣದಲ್ಲಿ ಹಿಂದಿನ ಟೈರಿನ ಮಗ್ಗುಲು ಮುದುಕನ ಕೆನ್ನೆಯಂತೆ ಸುಕ್ಕುಗಟ್ಟಿ, ನೆಲಕ್ಕೆ ಒತ್ತಿಕೊಂಡು, ಆಮೇಲೆ ಉಬ್ಬಿ ನಿಲ್ಲುತ್ತದೆ. ಪೆಟ್ಟಿಗೆಯ ಟೈರು ಸದಾ ದುಂಡಗೆ, ನಿಶ್ಚಿಂತವಾಗಿರುತ್ತದೆ. ಹೀಗಾಗಿ ಎಂಥ ನಿಪುಣನು ಕಟ್ಟಿದರೂ ಈ ಕಾರುಗಳು ನಿಂತೇ ಇರುತ್ತವೆ. ಬೇಲೂರಿನ ಶಿಲ್ಪಿ ಕಲ್ಲಿನಲ್ಲಿ ಕುಣಿತವನ್ನು ತಂದ ಎನ್ನುತ್ತೇವೆ. ಪ್ಲಾಸ್ಟಿಕ್ಕಿನ ಅಚ್ಚಿನವರು ರಬ್ಬರಿನ ಒಂದು ಸುಕ್ಕನ್ನು ತರಲಾರದೆ ಹೋದರೆಂಬುದು ಸ್ವಲ್ಪ ನಾಚಿಕೆಯ ಸಂಗತಿಯೇ.

ಫನ್ನಿ ಕಾರು ಎಂಬ ಇನ್ನೊಂದು ಜಾತಿ ಇದೆ. ಅದು ನನಗೆ ಹೆಚ್ಚು ತಮಾಷೆಯಾಗಿಯೂ ಹೆಚ್ಚು ವಿಷಾದಕರವಾಗಿಯೂ ಕಾಣುತ್ತದೆ. ೧೯೬೬ರಲ್ಲಿ ಮರ್ಕ್ಯುರಿ ಕಾಮೆಟ್ ಕಾರಿನ ರೂಪದಲ್ಲಿ ಇದು ಪೂರ್ಣ ಆಕಾರ ಪಡೆಯಿತು. ಕೊಳವೆಗಳ ಚೌಕಟ್ಟಿನ ಮೇಲೆ, ಪೇಟೆಯಲ್ಲಿ ಮಾರುವ ಕಾರಿನಂತೆ ಕಾಣುವ ಗಾಜುನಾರಿನ ಹಗುರವಾದ ಕವಚ. ಹಿಂದೆ ತಿರುಗಣಿ, ಮುಂದಿನಿಂದ ಎತ್ತಿದರೆ ಮೊಸಳೆಯ ಬಾಯಿಯಂತೆ ತೆರೆದುಕೊಳ್ಳುತ್ತದೆ. ಅದರಲ್ಲಿ ಬಾಗಿಲು ತೆರೆಯುವುದಿಲ್ಲ; ಬಾಗಿಲಿನ ಗೆರೆ ಮಾತ್ರ ಇದೆ. ಅಂದರೆ ನಿಜವಾದ ಕಾರೇ ಇನ್ನೊಂದು ಕಾರಿನ ಪ್ರತಿಕೃತಿ! ಅದರ ಪ್ರತಿಕೃತಿ ಮಾಡುವವನ ಕೆಲಸ ಆದ್ದರಿಂದ ಸುಲಭ, ಮತ್ತು ಒಂದು ರೀತಿಯಲ್ಲಿ ಹೆಚ್ಚು ಪ್ರಾಮಾಣಿಕ. ಪೆಟ್ಟಿಗೆಯಲ್ಲೂ ಒಂದೇ ತುಂಡಿನ ಪ್ಲಾಸ್ಟಿಕ್ ಕವಚ, ಅಲ್ಲಿಯೂ ಒಂದೇ ತುಂಡಿನ ಗಾಜುನಾರಿನ ಕವಚ.

೧೯೭೦ರಲ್ಲಿ ಈ ಆಟ ಇನ್ನೊಂದು ಮಗ್ಗುಲಿಗೆ ಹೊರಳಿತು. ಹಾಟ್ ವೀಲ್ಸ್ ಎಂಬ ಸಣ್ಣ ಕಾರುಗಳನ್ನು ೧೯೬೮ರಿಂದ ಮಾರುತ್ತಿದ್ದ ಮ್ಯಾಟೆಲ್ ಕಂಪೆನಿ, ಡಾನ್ ಪ್ರುಡೋಮ್ ಮತ್ತು ಟಾಮ್ ಮೆಕ್‌ಯುವನ್ ಎಂಬ ಇಬ್ಬರು ಚಾಲಕರಿಗೆ ಹಣ ಕೊಟ್ಟು ಅವರ ಕಾರುಗಳ ಮೇಲೆ ತನ್ನ ಹೆಸರು ಬರೆಸಿತು. ಒಬ್ಬ ಹಾವು, ಒಬ್ಬ ಮುಂಗುಸಿ. ಇವು ಅವರ ಪಂದ್ಯದ ಅಡ್ಡಹ್ಯಸರುಗಳು. ನಮ್ಮ ಸಂತೆಯ ಹಾವಾಡಿಗನ ಬುಟ್ಟಿಯ ಪಕ್ಕದಲ್ಲಿ ಕಟ್ಟಿದ ಜೋಡಿಯನ್ನು ನೋಡಿದ ನಮಗೆ ಇದು ಹೊಸದಲ್ಲ, ಜನ ಸೇರಿಸುವ ಉಪಾಯವೂ ಅದೇ. ಹಳದಿ ಬಾರಕೂಡ ಹಾವಿನದು, ಕೆಂಪು ಡಸ್ಟರ್ ಮುಂಗುಸಿಯದು. ರೆವೆಲ್ ಇವರ ಕಾರುಗಳನ್ನು ದೊಡ್ಡ ಅಳತೆಯಲ್ಲೂ ಹೊರಡಿಸಿತು. ಆದರೆ ಯೋಚಿಸಿ ನೋಡಿ: ಇಲ್ಲಿ ಮೂಲ ಯಾವುದು? ಆಟದ ಕಾರು ಮಾರಲೆಂದು ನಿಜವಾದ ಕಾರಿಗೆ ಬಣ್ಣ ಬಳಿದರು. ಆ ಕಾರನ್ನು ನೋಡಿ ಪೆಟ್ಟಿಗೆ ಮಾಡಿದರು. ಪೆಟ್ಟಿಗೆಯ ಮೇಲೆ ಆಟದ ಕಾರಿನ ಕಂಪೆನಿಯ ಹೆಸರು. ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ಆ ಚಿತ್ರಗಳನ್ನು ಕವಚದ ಮೇಲೆ ಇಡುವಾಗ, ನಾನು ಒಂದು ಜಾಹೀರಾತನ್ನು ಸಂಬಳವಿಲ್ಲದೆ ಗೋಡೆಗೆ ಹಚ್ಚುತ್ತಿದ್ದೇನೆಂದು ಅನ್ನಿಸದೆ ಇರಲಿಲ್ಲ.

ಆ ಹೆಸರುಗಳ ಕೆಳಗೆ ಮನುಷ್ಯರಿದ್ದರೆಂಬುದನ್ನು ಚಿತ್ರ ಹೇಳುವುದಿಲ್ಲ. ಮುಂಗುಸಿಯ ಮಗ ರಕ್ತದ ಕ್ಯಾನ್ಸರಿನಿಂದ ೧೯೭೮ರಲ್ಲಿ ತೀರಿಕೊಂಡ. ಕೆಲವೇ ದಿನಗಳಲ್ಲಿ ಇಂಡಿಯಾನಾಪೊಲಿಸ್‌ನ ರಾಷ್ಟ್ರೀಯ ಪಂದ್ಯದ ಕೊನೆಯ ಸುತ್ತಿನಲ್ಲಿ ತಂದೆ ಹಾವನ್ನು ಎದುರಿಸಿ ಗೆದ್ದ. ಇಂಥದು ಒಂದು ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ ಎನ್ನಿ, ಒಪ್ಪುತ್ತೇನೆ.

ಆದರೆ ಹಿಡಿಸಬಹುದಾಗಿದ್ದೂ ಬಿಟ್ಟುಹೋದದ್ದಕ್ಕೆ ಕ್ಷಮೆಯಿಲ್ಲ. ೧೯೪೧ರ ವಿಲ್ಲಿಸ್ ಎಂಬ ಗುಂಡುಗುಂಡಾದ ಕಾರಿನ ಮೂತಿಯನ್ನು ಎತ್ತಿ ನಿಲ್ಲಿಸಿ ಓಡಿಸುತ್ತಿದ್ದ ತಂಡವೊಂದಿತ್ತು: ಸ್ಟೋನ್, ವುಡ್ಸ್ ಮತ್ತು ಕುಕ್. ೧೯೬೦ರ ದಶಕದಲ್ಲಿ ಆ ವರ್ಗದಲ್ಲಿ ಅವರಷ್ಟು ಪ್ರಸಿದ್ಧರು ಕಡಮೆ. ಅವರ ಹೆಸರು ಹೊತ್ತ ವಿಲ್ಲಿಸ್ ಪೆಟ್ಟಿಗೆಗಳೂ ಬಂದಿವೆ. ಮೂರು ಹೆಸರುಗಳನ್ನು ಬಾಗಿಲ ಮೇಲೆ ಅಂಟಿಸಿದವರಲ್ಲಿ ಎಷ್ಟು ಹುಡುಗರಿಗೆ ಗೊತ್ತಿತ್ತು, ಕಾರಿನ ಒಡೆಯರಾದ ಫ್ರೆಡ್ ಸ್ಟೋನ್ ಮತ್ತು ಟಿಮ್ ವುಡ್ಸ್ ಕರಿಯ ಜನಾಂಗದವರು, ಓಡಿಸುತ್ತಿದ್ದ ಡಗ್ ಕುಕ್ ಬಿಳಿಯ ಎಂದು? ಹೋಟೆಲು, ಶಾಲೆಗಳಲ್ಲಿ ಬಣ್ಣ ನೋಡಬಾರದೆಂಬ ಕಾನೂನು ಆ ದೇಶದಲ್ಲಿ ಬಂದದ್ದು ೧೯೬೪ರಲ್ಲಿ. ಅದೇ ವರ್ಷಗಳಲ್ಲಿ ಈ ಮೂವರು ಒಂದೇ ಕಾರಿನ ಮೇಲೆ ಹೆಸರು ಬರೆಸಿಕೊಂಡು ಊರೂರು ತಿರುಗುತ್ತಿದ್ದರು. ಕಾರಿನ ಬಣ್ಣದ ಛಾಯೆ ಸರಿಯಿಲ್ಲವೆಂದು ಹವ್ಯಾಸಿಗಳು ವರ್ಷಗಟ್ಟಲೆ ವಾದಿಸುತ್ತಾರೆ. ಒಡೆಯರ ಬಣ್ಣದ ಮಾತು ಆ ವಾದಗಳಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

ಈಗ ದೊರೆಯುವ ಪೆಟ್ಟಿಗೆಗಳಲ್ಲಿ ಬಹಳಷ್ಟು ಹಳೆಯ ಉಕ್ಕಿನ ಅಚ್ಚುಗಳಿಂದಲೇ ತೆಗೆದವು. ಹಳೆಯ ಕಂಪೆನಿಗಳು ಕೈ ಬದಲಾಯಿಸಿವೆ; ರೆವೆಲ್, ಮಾನೊಗ್ರಾಮ್‌ಗಳು ೧೯೮೬ರಲ್ಲಿ ಒಂದಾದವು, ಎ.ಎಂ.ಟಿ. ಮತ್ತು ಎಂ.ಪಿ.ಸಿ. ಹೆಸರುಗಳು ಇಂದು ರೌಂಡ್ ೨ ಎಂಬವರ ಬಳಿ ಇವೆ. ಮೊಳೆ ಜೋಡಿಸಿ ಪತ್ರಿಕೆ ಅಚ್ಚುಹಾಕುತ್ತಿದ್ದ ಕಾಲವನ್ನು ಕಂಡವರಿಗೆ ಸವೆದ ಮೊಳೆಯ ಅಕ್ಷರ ಹೇಗೆ ಮೂಡುತ್ತಿತ್ತೆಂದು ತಿಳಿದಿದೆ: ಅಂಚು ಹರಡಿ, ಕೊಂಬು ಕಟ್ಟಾಗಿ. ಸವೆದ ಅಚ್ಚಿನ ಪ್ಲಾಸ್ಟಿಕ್ಕೂ ಹಾಗೆಯೇ. ಜೋಡಿಕೆಯ ಅಂಚಿನಲ್ಲಿ ತೆಳು ಪೊರೆ ಬೆಳೆದಿರುತ್ತದೆ. ಅರದಲ್ಲಿ ಉಜ್ಜಿ ತೆಗೆಯಬೇಕು. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಅರವತ್ತು ವರ್ಷದ ಹಿಂದೆ, ಆ ಕಾರುಗಳು ಇನ್ನೂ ಓಡುತ್ತಿದ್ದಾಗ, ಅವುಗಳನ್ನು ನೋಡಿ ಕೆತ್ತಿದವರ ಕೈಕೆಲಸ ಅದು. ಹಳೆಯ ಪೆಟ್ಟಿಗೆಗಳನ್ನು ಕೂಡಿಡುವವರಿಗೆ ಮಾತ್ರ ಒಂದು ಎಚ್ಚರಿಕೆ: ಮೆತು ಟೈರುಗಳನ್ನು ಬೇರೆ ಚೀಲದಲ್ಲಿಡಿ. ಅವುಗಳನ್ನು ಮೆತ್ತಗಿಡುವ ಎಣ್ಣೆಯಂಥ ವಸ್ತು ಒಸರಿ, ಮುಟ್ಟಿದ ಕಡೆ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ವರ್ಷಗಳ ನಂತರ ತೆರೆದರೆ ಕವಚದ ಮೇಲೆ ಟೈರು ಕೂತ ಜಾಗ ಹುಣ್ಣಿನಂತೆ ಕುಳಿಬಿದ್ದಿರುತ್ತದೆ.

ಕೊನೆಯದಾಗಿ ಸೂಚನೆಯ ಹಾಳೆಯ ಮಾತು. ನನಗೆ ಬಂದ ಏಳರಲ್ಲಿ ಐದು ಹಾಳೆಗಳು ಭಾಗಗಳ ಸಂಖ್ಯೆ, ಬಣ್ಣದ ಸಂಖ್ಯೆ, ಬಾಣದ ಗುರುತುಗಳಿಂದ ತುಂಬಿವೆ. ಓಡಿಸಿದವನ ಬಗ್ಗೆ ಒಂದೆರಡು ಹೊಗಳಿಕೆ, ಗೆದ್ದ ಪಂದ್ಯಗಳ ಹೆಸರು. ಅಂಟಿನ ವಾಸನೆಯನ್ನು ಮೂಸಬೇಡಿ, ಚೂರಿಯಲ್ಲಿ ಕೈ ಕುಯ್ದುಕೊಳ್ಳಬೇಡಿ ಎಂಬ ಎಚ್ಚರಿಕೆ ಹಲವು ಭಾಷೆಗಳಲ್ಲಿ ಅರ್ಧ ಪುಟ ಹಿಡಿದಿದೆ. ಕಟ್ಟುವವನ ಬೆರಳಿನ ಬಗ್ಗೆ ಇಷ್ಟು ಕಾಳಜಿ ತೋರುವವರು, ಆಸನವನ್ನು ಇರುಸಿನ ಹಿಂದೆ ಅಂಟಿಸಿ ಎಂದು ಬಾಣ ಹಾಕಿದ ಕಡೆ, ೧೯೭೦ರ ಮಾರ್ಚಿಯಲ್ಲಿ ಏನಾಯಿತೆಂಬುದನ್ನು ನಾಲ್ಕು ಸಾಲಿನಲ್ಲಿ ಅಚ್ಚುಹಾಕಬಹುದು. ಅಳೆದು ನೋಡಿದ್ದೇನೆ, ಆ ಬಾಣದ ಪಕ್ಕದಲ್ಲಿ ಎರಡು ಅಂಗುಲ ಜಾಗ ಖಾಲಿ ಇದೆ.